ಸಂಕಪ್ಪನ ಕಿವಿಗೆ ಬೀಳದ ಸದ್ದು

ಬಂಟ್ವಾಳದ ಪಾಣೆಮಂಗಳೂರಿನ ಸೇತುವೆಯ ಹತ್ತಿರ ಗ್ಯಾರೇಜು ಇಟ್ಟಿರುವ ಸಂಕಪ್ಪನ ಪ್ರಕಾರ ಕಾರಿಗೆ ಬರುವ ಅತಿ ಕೆಟ್ಟ ಕಾಯಿಲೆ ಎಂದರೆ ಅದರ ಮಾಲೀಕ. ಉಳಿದವಕ್ಕೆಲ್ಲ ಮದ್ದುಂಟು. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೀಂಯ್ ಎಂದರೆ ಬೆಲ್ಟು ಸಡಿಲ. ಬ್ರೇಕು ಒತ್ತಿದಾಗ ಕಬ್ಬಿಣ ಉಜ್ಜಿದ ಹಾಗೆ ಕೇಳಿದರೆ ಪ್ಯಾಡು ಸವೆದಿದೆ. ಕೀ ತಿರುಗಿಸಿದಾಗ ಬರೀ ಟಿಕ್ ಟಿಕ್ ಎಂದರೆ ಬ್ಯಾಟರಿ ಮಲಗಿದೆ. ಗಾಡಿ ರಸ್ತೆಯಿಂದ ಅಂಗಳಕ್ಕೆ ತಿರುಗುವಷ್ಟರಲ್ಲಿ ಸಂಕಪ್ಪನಿಗೆ ಇದೆಲ್ಲ ತಿಳಿದುಹೋಗುತ್ತಿತ್ತು. ಆಮೇಲೆ ಮಾಲೀಕ ಇಳಿದು ಬಂದು ವಿವರಿಸಲು ಶುರುಮಾಡುತ್ತಿದ್ದ.

ದುಬೈಯಿಂದ ರಜೆಗೆ ಬಂದ ರೋಹಿತ್, ಇಂಜಿನ್ ಬಿಸಿಯ ಕೆಂಪು ದೀಪ ಹೊತ್ತಿದ್ದು ನೋಡಿ, ಎ.ಸಿ. ಜೋರು ಮಾಡಿಕೊಂಡು ಫರಂಗಿಪೇಟೆಯಿಂದ ಹೊಗೆ ಬಿಡುತ್ತ ಬಂದಿದ್ದ. ಮೂಡುಬಿದಿರೆಯ ಕಾಲೇಜು ಮೇಷ್ಟ್ರೊಬ್ಬರು ಕಾರಿನ ಸದ್ದನ್ನು ಫೋನಿನಲ್ಲಿ ಹಿಡಿದು ತಂದಿದ್ದರು. ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದಿದ್ದರು. ಇವರಿಗೆಲ್ಲ ಗುಡ್ಡೆಯ ಗೇರುಮರ ಗೊತ್ತು, ಗಾಡಿಯ ಗೇರು ಗೊತ್ತಿಲ್ಲ ಎಂದು ಸಂಕಪ್ಪ ಅವರ ಮುಖಕ್ಕೇ ಹೇಳುತ್ತಿದ್ದ. ಗಿರಾಕಿ ಬಾಯಿ ತೆರೆಯುವ ಮೊದಲು ಬಾನೆಟ್ ತೆರೆಯಬೇಕು ಎಂಬುದು ಅವನ ನಿಯಮ.

ರಾಜಮತಿಯಕ್ಕನಿಗೂ ಅದೇ ನಿಯಮ. ಬೆಳ್ತಂಗಡಿ ಹತ್ತಿರದ ಜೈನ ಮನೆತನದ, ಅರವತ್ತು ದಾಟಿದ ಈ ಹೆಂಗಸು ಹಳೆಯ ಪೆಟ್ರೋಲ್ ಜೀಪೊಂದನ್ನು ತಾವೇ ಓಡಿಸುತ್ತಿದ್ದರು. ಇಪ್ಪತ್ತು ವರ್ಷದಿಂದ ಅದಕ್ಕೆ ಸಂಕಪ್ಪನಲ್ಲದೆ ಯಾರೂ ಸ್ಪ್ಯಾನರ್ ಮುಟ್ಟಿಸಿದ್ದಿಲ್ಲ. ಗ್ಯಾರೇಜಿಗೆ ಬೋರ್ಡಿರಲಿಲ್ಲ, ಆ ಜೀಪೇ ಬೋರ್ಡು.

ನವರಾತ್ರಿ ಕಳೆದದ್ದೇ ಜೀಪು ಹಟ ಹಿಡಿಯಿತು. ಅರ್ಧ ಗಂಟೆ ಚೆನ್ನಾಗಿ ಓಡುವುದು, ಕೆಮ್ಮುವುದು, ನಿಲ್ಲುವುದು. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಹೊರಡುವುದು. ಸಂಕಪ್ಪ ಕಾರ್ಬ್ಯುರೇಟರ್ ತೊಳೆದ. ಫಿಲ್ಟರ್ ಬದಲಿಸಿದ. ಪೆಟ್ರೋಲ್ ಪಂಪೂ ಹೊಸದು ಹಾಕಿದ. ಪ್ರತಿ ಸಲವೂ ಸೇತುವೆಯ ಆ ತುದಿಗೆ ಹೋಗಿ ಬಂದು, ಸರಿಯಾಯಿತೆಂದು ಘೋಷಿಸಿದ. ಎರಡು ಕಿಲೋಮೀಟರಿನಲ್ಲಿ ಅದು ನಿಲ್ಲುವ ಜಾತಿಯದಲ್ಲ ಎಂದು ರಾಜಮತಿಯಕ್ಕ ಹೇಳಹೊರಟರೆ, ಜೀಪು ನನಗೆ ಹೇಳುತ್ತದೆ, ನೀವು ಕೂತ್ಕೊಳ್ಳಿ ಎಂದ. ನಿಂತಾಗ ಟ್ಯಾಂಕಿನ ಮುಚ್ಚಳದಲ್ಲಿ ಏನೋ ಸದ್ದು ಎಂದು ಅವರು ಎತ್ತಿದ ಮಾತನ್ನೂ ಸುತ್ತಿಗೆಯ ಸದ್ದಿನಲ್ಲಿ ಮುಳುಗಿಸಿದ.

ನಾಲ್ಕನೆಯ ಸಲ ಅವರು ಜೀಪಿನಿಂದ ಇಳಿಯಲೇ ಇಲ್ಲ.

“ಸಂಕಪ್ಪ, ಇವತ್ತು ನಮ್ಮ ಮನೆಯವರೆಗೆ ನೀನೂ ಬಾ. ದಾರಿಯಲ್ಲಿ ನಿಂತರೆ ನಾಳೆ ಜಿನೇಶನಿಗೆ ಕೊಡ್ತೇನೆ.”

ಜಿನೇಶ್ ಅವರ ಅಣ್ಣನ ಮಗ. ಮೂಡುಬಿದಿರೆಯಲ್ಲಿ ಗಾಜಿನ ಬಾಗಿಲಿನ ಗ್ಯಾರೇಜು. ಕಾರಿಗೆ ವಯರು ಚುಚ್ಚಿ ಲ್ಯಾಪ್‌ಟಾಪಿನಲ್ಲಿ ರೋಗ ಓದುವ ಜಾತಿ. ಸಂಕಪ್ಪನ ತಿರಸ್ಕಾರದ ಪಟ್ಟಿಯಲ್ಲಿ ರೋಹಿತನಿಗಿಂತ ಎಷ್ಟೋ ಮೇಲೆ.

“ಈ ಜೀಪಿನಲ್ಲಿ ಅವನ ವಯರು ಚುಚ್ಚಲಿಕ್ಕೆ ತೂತೇ ಇಲ್ಲ ಅಕ್ಕ,” ಎಂದ ಸಂಕಪ್ಪ. ಆದರೂ ಕೈಯ ಗ್ರೀಸು ಒರೆಸಿಕೊಂಡು ಜೀಪು ಹತ್ತಿದ. ಜೀಪು ಮೂಡುಬಿದಿರೆಗೆ ಹೋಯಿತೆಂದರೆ ಬಂಟ್ವಾಳದಲ್ಲಿ ಯಾರು ಬೇಕಾದರೂ ಅವನನ್ನು ನೋಡಿ ನಗಬಹುದಿತ್ತು.

ವಗ್ಗ ದಾಟಿ ಏರು ಹತ್ತುವಾಗ ಜೀಪು ಕೆಮ್ಮಿತು. ನಿಂತಿತು. ಸಂಕಪ್ಪ ಹಾರಿ ಇಳಿದು ಬಾನೆಟ್ ಎತ್ತಿ ತಲೆ ತೂರಿಸಿದ. ರಾಜಮತಿಯಕ್ಕ ನಿಧಾನವಾಗಿ ಇಳಿದು, ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ಯ್ ಎಂದು ಗಾಳಿ ಒಳಗೆ ನುಗ್ಗಿತು. ಬಾನೆಟ್ ಅಡಿಯಲ್ಲಿದ್ದ ತಲೆಗೂ ಅದು ಕೇಳಿಸಿತು. ಅವರು ಹತ್ತಿ ಕೂತು ಕೀ ತಿರುಗಿಸಿದರು; ಒಂದು ಕ್ಷಣ ಕುಂಯ್ಗುಟ್ಟಿ ಇಂಜಿನ್ ಹಿಡಿಯಿತು.

“ಈಗ ನಾನು ಮಾತಾಡಬಹುದಾ?” ಎಂದರು.

ಮಾತಾಡಬೇಕಾಗಿರಲಿಲ್ಲ. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿಗೆ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು. ಗಾಳಿ ಹೋಗದಿದ್ದರೆ ಪೆಟ್ರೋಲೂ ಬರುವುದಿಲ್ಲ. ಆ ತೂತಿನಲ್ಲಿ ಗಂಧ ಒಣಗಿ ಸಿಮೆಂಟಾಗಿತ್ತು. ಮೇಲೆ ಕುಂಕುಮ ಬೇರೆ.

“ಇದು ಯಾರ ಕೈ ಸಂಕಪ್ಪ?”

ಪೆಟ್ರೋಲ್ ಬಂಕಿನವರು ಎನ್ನಬಹುದಿತ್ತು. ಕಣಜದ ಹುಳ ಮಣ್ಣು ಮೆತ್ತಿದ್ದು ಎನ್ನಬಹುದಿತ್ತು, ಆದರೆ ಬಂಟ್ವಾಳ ತಾಲೂಕಿನ ಕಣಜಗಳು ಇನ್ನೂ ಕುಂಕುಮ ಇಡಲು ಕಲಿತಿಲ್ಲ. ಆಯುಧಪೂಜೆಯ ದಿನ ಗಿರಾಕಿಗಳ ಗಾಡಿಗಳೆಲ್ಲ ಅವನ ಅಂಗಳದಲ್ಲಿ ಸಾಲು ನಿಲ್ಲುತ್ತಿದ್ದವು. ಭಟ್ಟರು ಚಿಟಿಕೆಯಷ್ಟು ಗಂಧ ಇಟ್ಟರೆ ಇಂಜಿನಿಗೆ ಅವಮಾನವೆಂದು, ಬಾನೆಟ್, ಸ್ಟೇರಿಂಗ್, ಚಕ್ರ, ಮುಚ್ಚಳ ಎಲ್ಲಕ್ಕೂ ಹೆಬ್ಬೆಟ್ಟು ತುಂಬ ಮೆತ್ತುವವನು ಸ್ವತಃ ಅವನೇ. ಈ ಸಲ ರಾಜಮತಿಯಕ್ಕ ಪಕ್ಕದಲ್ಲೇ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅಷ್ಟು ವರ್ಷ ಜಗತ್ತಿನ ಮಾಲೀಕರ ಮೇಲೆ ಸುರಿದ ಬೈಗುಳವೆಲ್ಲ ಒಟ್ಟಿಗೆ ಅವನ ಕಡೆಗೇ ತಿರುಗಿತು.

“ನನ್ನದೇ ಅಕ್ಕ.”

ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಸೀರೆಯ ಪಿನ್ನು ಬಿಚ್ಚಿ ಕೊಟ್ಟರು; ಅವನು ತೂತು ಬಿಡಿಸಿ ಮುಚ್ಚಳ ಹಾಕಿದ.

“ಇನ್ನು ಮನೆಯವರೆಗೆ ನಾನು ಮಾತಾಡ್ತಾ ಗಾಡಿ ಬಿಡ್ತೇನೆ. ನೀನು ಕೇಳ್ತಾ ಬಾ.”

ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ. ಜೀಪು ಎಲ್ಲಿಯೂ ನಿಲ್ಲಲಿಲ್ಲ, ರಾಜಮತಿಯಕ್ಕನೂ ನಿಲ್ಲಿಸಲಿಲ್ಲ. ಕ್ಲಚ್ಚು ಜಾರುವುದು, ಎಡ ಚಕ್ರದ ಗೊರಗೊರ, ಮೂರನೇ ಗೇರಿನ ಮೊಂಡುತನ, ಎಲ್ಲವನ್ನೂ ಹೇಳಿದರು. ಚಕ್ರದ ಮಾತು ಅಪ್ಪಟ ತಪ್ಪೆಂದು ಸಂಕಪ್ಪನಿಗೆ ಗೊತ್ತಿತ್ತು. ಹಲ್ಲು ಕಚ್ಚಿ ಕೂತ.

ಮನೆಯಂಗಳದಲ್ಲಿ ಇಂಜಿನ್ ಆರಿಸಿ ಅವರು ಹೇಳಿದರು: “ಬರುವ ತಿಂಗಳು ಆಯಿಲ್ ಬದಲಿಸಲಿಕ್ಕೆ ತರ್ತೇನೆ. ದಪ್ಪದ್ದು ಹಾಕುವ, ಇಂಜಿನಿಗೆ ತಂಪು.”

ಇಷ್ಟು ಮೂರ್ಖತನದ ಮಾತನ್ನು ಸಂಕಪ್ಪ ಆ ವರ್ಷ ಕೇಳಿರಲಿಲ್ಲ.

“ತನ್ನಿ ಅಕ್ಕ,” ಎಂದು, ಬಂಟ್ವಾಳದ ಬಸ್ಸು ಹಿಡಿಯಲು ನಡೆದ.