ಇಸ್ತ್ರಿ ದೊಡ್ಡಮ್ಮನ ಕೆನ್ನೆ

ಒಗೆದ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ನೀವೂ ನಾನೂ ಕೈಯಲ್ಲಿ ಮುಟ್ಟಿ ನೋಡುತ್ತೇವೆ, ಸುಲಭವಾಗಿ ಮೋಸಹೋಗುತ್ತೇವೆ. ಇಸ್ತ್ರಿ ದೊಡ್ಡಮ್ಮ ಹಾಗಲ್ಲ, ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ. ಕಾಲರಿನ ಒಳಮಡಿಕೆಯಲ್ಲಿ ಚೂರು ಪಸೆ ಉಳಿದಿದ್ದರೂ ಅವಳಿಗೆ ಗೊತ್ತಾಗುತ್ತದೆ. "ಇದನ್ನ ಇನ್ನೊಂದು ಗಂಟೆ ಬಿಸಿಲಿಗೆ ಹಾಕ್ಕೊಂಡು ಬಾ, ಆಮೇಲೆ ಇಸ್ತ್ರಿ" ಎಂದು ಎಷ್ಟು ಜನರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದಾಳೋ ಲೆಕ್ಕವಿಲ್ಲ. ಮುಖ ಸಿಂಡರಿಸಿಕೊಂಡು ಹೋದವರೂ ಮತ್ತೆ ಅವಳ ಬಾಗಿಲಿಗೇ ಬಂದರು. ಬೀದಿಯಲ್ಲಿ ಆ ಕೆನ್ನೆಗೆ ಅಂಥ ಬೆಲೆ ಇತ್ತು.

ಆ ಬೆಲೆ ಬಿಟ್ಟಿ ಬಂದದ್ದಲ್ಲ. ನಲವತ್ತೊಂದು ವರ್ಷ ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಹಾಸಿಗೆಯ ಹೊದಿಕೆ, ದಿಂಬಿನ ಗವಸು, ಮೇಜಿನ ನ್ಯಾಪ್ಕಿನ್ ತಿಕ್ಕಿದವಳು ಅವಳು. ಅಲ್ಲಿ ಹಬೆಯ ಬಾಯ್ಲರ್ ಒಂದಿತ್ತು, ಅದರ ನೆತ್ತಿಯ ಮೇಲೆ ಒಂದು ಮೀಟರು. ಮುಳ್ಳು ಕೆಂಪು ಗೆರೆಗೆ ಬಂತೋ, ಯಾರೂ ಏನೂ ಕೇಳದೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಓಡಬೇಕು. ಮೀಟರಿನ ಜೊತೆ ವಾದ ಮಾಡಬಾರದು ಎನ್ನುವುದು ಮೊದಲ ದಿನವೇ ಕಲಿಸುವ ಪಾಠ. ಹೀಗೆ ನಲವತ್ತೊಂದು ವರ್ಷ ಮುಳ್ಳಿಗೆ ತಲೆಬಾಗಿದವಳು ಮೀಟರು ಸುಳ್ಳು ಹೇಳುತ್ತದೆ ಎಂದರೆ ನಂಬುತ್ತಾಳೆಯೇ? ಅವಳು ಬಿದ್ದದ್ದು ಇದೇ ಹಳ್ಳಕ್ಕೆ. ಅವಳನ್ನು ಪೆದ್ದಿ ಎಂದು ನಗುವವರು ಸ್ವಲ್ಪ ತಡೆದುಕೊಳ್ಳಿ, ಕಥೆ ಇನ್ನೂ ಇದೆ.

ಆ ದುಡಿಮೆಯಲ್ಲಿ ಉಳಿಸಿದ ದುಡ್ಡಿನಿಂದ ಕಟ್ಟಿದ್ದು ಈ ಮೂರು ಕೋಣೆಯ ಮನೆ. ದೊಡ್ಡಮ್ಮನ ಗಂಡ ತೀರಿಕೊಂಡ ಮೇಲೆ, ರೈಲ್ವೆ ಟಿಕೆಟ್ ಕೌಂಟರಿನಿಂದ ನಿವೃತ್ತಳಾದ ತಂಗಿ ಬಂದು ಜೊತೆಗಿದ್ದಾಳೆ. ದೊಡ್ಡಮ್ಮನಿಗೆ ಎಪ್ಪತ್ತಾರು, ತಂಗಿಗೆ ಎಪ್ಪತ್ತು. ಇಬ್ಬರೂ ದಿನಕ್ಕೆರಡು ಸಲ ಜಗಳವಾಡುತ್ತಾರೆ, ಮೂರು ಸಲ ಒಟ್ಟಿಗೆ ಚಹಾ ಕುಡಿಯುತ್ತಾರೆ.

ಒಂದು ಸೋಮವಾರ ತಂಗಿ ತರಕಾರಿಗೆ ಹೋದ ಹೊತ್ತು ನೋಡಿಕೊಂಡು ಅವನು ಬಂದ. ನಲವತ್ತರ ಆಸುಪಾಸಿನವನು, ನೀಲಿ ಅಂಗಿ, ಮಿರಿಮಿರಿ ಮಿಂಚುವ ಬೂಟು. ಅಂಗಿಯ ಇಸ್ತ್ರಿ ಚೆನ್ನಾಗಿತ್ತು. ದೊಡ್ಡಮ್ಮ ಮೊದಲು ನೋಡಿದ್ದೇ ಅದನ್ನು, ಅರ್ಧ ಮನಸ್ಸು ಅಲ್ಲೇ ಕರಗಿತು.

"ಅಮ್ಮಾ, ಈ ಬೀದಿ ಮನೆಗಳ ಗೋಡೆನೆಲ್ಲ ಪುಕ್ಕಟೆ ನೋಡಿಕೊಡ್ತಿದೀವಿ. ಐದೇ ನಿಮಿಷ. ಒಂದು ಪೈಸೆ ಕೊಡಬೇಡಿ."

ಕೈಯಲ್ಲಿ ಹಳದಿ ಬಣ್ಣದ ಪುಟ್ಟ ಪೆಟ್ಟಿಗೆ, ಅದರ ತುದಿಯಲ್ಲಿ ಎರಡು ಸೂಜಿ, ಮುಖದ ಮೇಲೆ ಮುಳ್ಳಿರುವ ಮೀಟರು. ಅವನು ಸೂಜಿಗಳನ್ನು ಗೋಡೆಗೆ ಒತ್ತಿದ. ಪೆಟ್ಟಿಗೆ ಕುಂಯ್ ಎಂದಿತು, ಮುಳ್ಳು ಸರಕ್ಕನೆ ಕೆಂಪಿಗೆ ಹಾರಿತು. ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಗೋಡೆಗೆ ಒತ್ತಿದ, ಮತ್ತೆ ಕುಂಯ್. ಅಡುಗೆಮನೆಯಲ್ಲೂ ಕುಂಯ್, ಮಲಗುವ ಕೋಣೆಯಲ್ಲೂ ಕುಂಯ್.

ದೊಡ್ಡಮ್ಮ ಅಭ್ಯಾಸಬಲದಿಂದ ಗೋಡೆಗೆ ಕೆನ್ನೆ ಕೊಟ್ಟು ನಿಂತಳು. "ಒಣಗೇ ಇದೆಯಲ್ಲಪ್ಪಾ!"

ಅವನು ಮೆಲ್ಲಗೆ ನಕ್ಕ. "ನೀರು ಒಳಗಿದೆ ಅಮ್ಮಾ. ಹೊರಗಿನ ಚರ್ಮಕ್ಕೆ ಗೊತ್ತಾಗಲ್ಲ. ನಿಮ್ಮ ವಯಸ್ಸಲ್ಲಿ ಚರ್ಮಕ್ಕೆ ಸ್ಪರ್ಶ ಕಮ್ಮಿ ಆಗುತ್ತೆ, ಪಾಪ. ಹೀಗೇ ಬಿಟ್ರೆ ಇನ್ನೆರಡು ವರ್ಷಕ್ಕೆ ಗೋಡೆ ಕುಸಿಯುತ್ತೆ."

ಆ ಮಾತು ಚುರ್ರೆಂದು ತಾಗಿತು. ಹೋದ ತಿಂಗಳಷ್ಟೇ ತಂಗಿಯ ರೇಷ್ಮೆ ರವಿಕೆಯನ್ನು ಸುಟ್ಟು ತೂತು ಮಾಡಿದ್ದಳು. ಹೌದೇನೋ, ಕೆನ್ನೆಗೂ ವಯಸ್ಸಾಯಿತೇನೋ. ಎದುರಿಗೆ ಮುಳ್ಳು ಕೆಂಪು ಗೆರೆಯ ಮೇಲೆ ಕೂತಿತ್ತು.

ಗೋಡೆಯೊಳಕ್ಕೆ ಔಷಧಿ ಇಳಿಸಬೇಕು, ಹೊರಗೆ ಮೂರು ಸುತ್ತು ಲೇಪ ಬಳಿಯಬೇಕು, ಇಪ್ಪತ್ತೈದು ವರ್ಷದ ಗ್ಯಾರಂಟಿ, ಈ ಬೆಲೆ ಇವತ್ತಿಗೆ ಮಾತ್ರ ಎಂದ. "ಗೋಡೇಲಿ ತೇವ ಇಲ್ಲ ಅಂತ ಯಾರಾದ್ರೂ ತೋರಿಸಿಕೊಡಲಿ, ಪೂರ್ತಿ ದುಡ್ಡು ವಾಪಸ್. ಕಾಗದದಲ್ಲೇ ಬರೆದಿದೀವಿ ನೋಡಿ" ಎಂದು ಎದೆ ತಟ್ಟಿಕೊಂಡ. ದೊಡ್ಡಮ್ಮ ಸಹಿ ಹಾಕಿದಳು. ಅರ್ಧ ಹಣಕ್ಕೆ ಚೆಕ್ ಬರೆದಳು. ಆ ಅರ್ಧವೇ ಅವಳ ಒಂದು ವರ್ಷದ ಪಿಂಚಣಿ. ಇನ್ನರ್ಧ ಶನಿವಾರ, ಕೆಲಸ ಶುರುವಾಗುವ ದಿನ.

ತಂಗಿ ಚೀಲ ಹೊತ್ತು ಬಂದು ಕಾಗದ ಓದಿದಳು, ಚೀಲ ನೆಲಕ್ಕೆ ಬಿತ್ತು. ಬಣ್ಣದ ಅಂಗಡಿಗೆ ಫೋನು ಮಾಡಿ ವಿಚಾರಿಸಿದಳು. ಅದೇ ಕೆಲಸಕ್ಕೆ ಅಂಗಡಿಯವನು ಹೇಳಿದ್ದು ಆ ಮೊತ್ತದ ಕಾಲುಭಾಗ. "ಅಕ್ಕಾ, ನಿಂಗೆ ಹಾಡುಹಗಲೇ ಟೋಪಿ ಹಾಕಿ ಹೋಗಿದಾನಲ್ಲೇ!" ಎಂದು ತಲೆ ಚಚ್ಚಿಕೊಂಡಳು.

ಸಂಜೆ ಮಗಳು ಬಂದಳು. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಅವಳು, ಆರುನೂರು ಮಕ್ಕಳನ್ನು ಒಂದೇ ಹುಬ್ಬು ಏರಿಸಿ ಸುಮ್ಮನಾಗಿಸುವವಳು. ಕಥೆಯನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ, "ಪೆಟ್ಟಿಗೆ ಹಳದಿ ಬಣ್ಣದ್ದಾ?" ಎಂದಳು.

"ಹೂಂ, ಹಳದಿ."

ಅಷ್ಟೇ, ಮಗಳ ಮಾತಿನ ಕಟ್ಟೆ ಒಡೆಯಿತು. "ಅಮ್ಮ, ಸಾಕು ಇನ್ನು. ಹೋದ ದುಡ್ಡು ಹೋಯ್ತು ಅಂದ್ಕೋ. ಚೆಕ್ ಪುಸ್ತಕ ನನ್ನ ಹತ್ರ ಇರಲಿ. ತಿಂಗಳ ಕೊನೆಗೆ ಈ ಮನೆ ಬೀಗ ಹಾಕಿ ಇಬ್ಬರೂ ನಮ್ಮನೆಗೆ ಬನ್ನಿ. ಹಿಂದಿನ ಕೋಣೆ ಖಾಲಿ ಇದೆ. ಬಾಗಿಲಿಗೆ ಬಂದವರ ಜೊತೆ ವ್ಯವಹಾರ ಮಾಡೋ ವಯಸ್ಸಲ್ಲ ನಿಂದು."

ಮಗಳು ಕೆಟ್ಟವಳಲ್ಲ, ಹೆದರಿದ್ದಳು. ದೊಡ್ಡಮ್ಮನಿಗೆ ಅದು ತಿಳಿಯದ್ದೇನಲ್ಲ. ಆದರೆ ಚೆಕ್ ಪುಸ್ತಕ ಮಗಳ ವ್ಯಾನಿಟಿ ಬ್ಯಾಗಿನೊಳಗೆ ಹೋಗಿ ಜಿಪ್ ಎಳೆದ ಸದ್ದು ಕೇಳಿದಾಗ ಅವಳಿಗೆ ಅಳುವೇ ಬಂತು. ದುಡ್ಡು ಹೋದದ್ದಕ್ಕಲ್ಲ. ಈ ಮನೆಯಲ್ಲಿ ತನ್ನ ಮಾತು ಇನ್ನು ನಡೆಯುವುದಿಲ್ಲವಲ್ಲ ಎಂದು. ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ, ತಂಗಿಯ ಜೊತೆ ಜಗಳವನ್ನೂ ಆಡಲಿಲ್ಲ. ತಂಗಿಗೆ ನಿಜವಾಗಿ ಗಾಬರಿಯಾದದ್ದು ಜಗಳ ನಿಂತಾಗಲೇ.

ಬುಧವಾರ ಬೆಳಿಗ್ಗೆ ಮೂಲೆಮನೆಯ ನರ್ಸಮ್ಮನ ಸೀರೆ ಇಸ್ತ್ರಿಗೆ ಬಂದಿತ್ತು. ಇಸ್ತ್ರಿ ಪೆಟ್ಟಿಗೆಯ ಹಿಡಿಯ ಮೇಲೆ ಹಬೆ ಬಿಡುವ ಗುಂಡಿ ಇದೆಯಲ್ಲ, ದೊಡ್ಡಮ್ಮ ಅದನ್ನು ಹೆಬ್ಬೆರಳಿನಿಂದ ಒತ್ತಿದಳು. ಬುಸ್ಸೆಂದು ಹಬೆ ಬಂತು. ಒತ್ತಿದ ಬಿಗಿಗೆ ಹೆಬ್ಬೆರಳ ಉಗುರು ಬೆಳ್ಳಗಾಯಿತು. ಬಿಟ್ಟಳು, ಕೆಂಪಗಾಯಿತು. ಒತ್ತಿದಳು, ಬೆಳ್ಳಗೆ. ಸೀರೆಯ ಮೇಲೆ ಕೈ ಹಾಗೇ ನಿಂತುಬಿಟ್ಟಿತು.

"ಲೇ, ಇಲ್ಲಿ ಬಾರೇ!" ಎಂದು ಕೂಗಿದಳು. "ಅವನ ಹೆಬ್ಬೆರಳು! ಪ್ರತಿ ಸಲ ಕುಂಯ್ ಅನ್ನೋ ಮುಂಚೆ ಅವನ ಉಗುರು ಬೆಳ್ಳಗಾಗ್ತಿತ್ತು ಕಣೇ. ನಲವತ್ತೊಂದು ವರ್ಷ ಈ ಗುಂಡಿ ಒತ್ತಿದೀನಿ, ನಂಗೊತ್ತಿಲ್ವಾ? ಅವನ ಪೆಟ್ಟಿಗೆ ಪಕ್ಕದಲ್ಲೂ ಗುಂಡಿ ಇದೆ!"

"ನಿಜವಾಗ್ಲೂ ನೋಡಿದ್ಯಾ, ಇಲ್ಲಾ ಈಗ ಕಟ್ಟಿ ಹೇಳ್ತಿದೀಯಾ?"

"ಗಂಜಿ ಮಾಡು ಮೊದಲು. ದಪ್ಪಗೆ!"

ನಿವೃತ್ತಿಯ ದಿನ ಹೋಟೆಲಿನವರು ಕೊಟ್ಟ ಹನ್ನೆರಡು ನ್ಯಾಪ್ಕಿನ್ನುಗಳು ಟ್ರಂಕಿನ ತಳದಲ್ಲಿದ್ದವು. ಇಬ್ಬರೂ ಅವನ್ನು ಗಂಜಿಯಲ್ಲಿ ಅದ್ದಿ, ಒಣಗಿಸಿ, ರಟ್ಟಿನ ಹಾಗೆ ನಿಲ್ಲುವಂತೆ ತಿಕ್ಕಿದರು. ಗಂಜಿ ಹಾಕಿದ ಬಟ್ಟೆಗೆ ತೇವವೆಂದರೆ ಆಗದು. ಹೋಟೆಲಿನಲ್ಲಿ ಹೊಸ ಕಪಾಟು ಬಂದರೆ ಮೊದಲು ಗಂಜಿಯ ನ್ಯಾಪ್ಕಿನ್ ಒಂದನ್ನು ಒಳಗಿಟ್ಟು ಎರಡು ದಿನ ಬಿಡುತ್ತಿದ್ದರು. ಅದು ಮೆತ್ತಗಾದರೆ ಆ ಕಪಾಟಿನಲ್ಲಿ ಬಟ್ಟೆ ಇಡುತ್ತಿರಲಿಲ್ಲ. ದೊಡ್ಡಮ್ಮ ಏಳು ನ್ಯಾಪ್ಕಿನ್ನುಗಳನ್ನು ಮನೆಯ ಏಳು ಗೋಡೆಗಳಿಗೆ ಅಂಟುಪಟ್ಟಿಯಿಂದ ಒತ್ತಿ ಅಂಟಿಸಿದಳು. ಎಂಟನೆಯದು ಬಚ್ಚಲುಮನೆಯ ಗೋಡೆಗೆ, ಒಂಬತ್ತನೆಯದು ನಡುಮನೆಯ ಹಗ್ಗಕ್ಕೆ ಹೋಯಿತು. ಮೂರು ಮಿಕ್ಕವು.

ಶುಕ್ರವಾರ ಮಧ್ಯಾಹ್ನ ನೋಡಿದರೆ ಬಚ್ಚಲುಮನೆಯದು ನೆನೆದ ಕಾಗದದಂತೆ ಜೋತುಬಿದ್ದಿತ್ತು. ಉಳಿದ ಏಳೂ ಬೆರಳಿನಿಂದ ತಟ್ಟಿದರೆ ಟಕಟಕ ಎನ್ನುತ್ತಿದ್ದವು, ಹಗ್ಗದ ಮೇಲಿನದರ ಹಾಗೆಯೇ. ದೊಡ್ಡಮ್ಮ ಒಂದೊಂದು ಗೋಡೆಗೂ ಹೋಗಿ ಕೆನ್ನೆ ಒತ್ತಿ ಬಂದಳು. ಒಣಗಿತ್ತು. ಮೊದಲ ದಿನವೂ ಒಣಗೇ ಇತ್ತು! ಆಹಾ, ಆಗ ಅವಳ ಮುಖ ನೋಡಬೇಕಿತ್ತು ನೀವು. ಅವತ್ತು ಎರಡು ಸಲ ಊಟ ಬಡಿಸಿಕೊಂಡಳು, ಉಪ್ಪು ಹೆಚ್ಚೆಂದು ತಂಗಿಯನ್ನು ಬೈದಳು. ತಂಗಿಗೆ ಹೋದ ಜೀವ ಬಂತು.

ಶನಿವಾರ ಹತ್ತು ಗಂಟೆಗೆ ವ್ಯಾನು ಬಂತು. ನೀಲಿ ಅಂಗಿಯವನ ಜೊತೆ ಉಳಿದ ಹಣ ವಸೂಲಿಗೆಂದು ಕಂಪನಿಯ ಯಜಮಾನನೂ ಇಳಿದ, ಕಂಕುಳಲ್ಲಿ ದಪ್ಪ ಚರ್ಮದ ಚೀಲ. ಒಳಗೆ ಮಗಳು, ತಂಗಿ, ನರ್ಸಮ್ಮ, ಎದುರುಮನೆಯ ಬೇಕರಿ ತಾತ ಕೂತಿದ್ದರು. ನರ್ಸಮ್ಮ ಮತ್ತು ತಾತ ಕೂಡ ಅದೇ ವಾರ ಅದೇ ಕಾಗದಕ್ಕೆ ಸಹಿ ಹಾಕಿ ಅರ್ಧ ಹಣ ತೆತ್ತವರು.

"ಏನಮ್ಮಾ, ಗೋಡೆಗೆಲ್ಲ ಬಟ್ಟೆ ಅಂಟಿಸಿದೀರಿ!" ಎಂದು ನಕ್ಕ ನೀಲಿ ಅಂಗಿಯವನು.

"ಗೋಡೆಗೆ ಚಳಿ ಅಂತ" ಎಂದಳು ದೊಡ್ಡಮ್ಮ. "ಎಲ್ಲಪ್ಪಾ, ಇನ್ನೊಂದು ಸಲ ತೇವ ತೋರಿಸು. ಇವರೆಲ್ಲ ನೋಡಬೇಕಂತೆ."

ಅವನು ಸೂಜಿ ಒತ್ತಿದ. ಕುಂಯ್. ದೊಡ್ಡಮ್ಮ ಇಸ್ತ್ರಿ ಮೇಜಿನ ಕಡೆ ತಿರುಗಿ, ಮಿಕ್ಕಿದ್ದ ನ್ಯಾಪ್ಕಿನ್ನೊಂದನ್ನು ಸುಡುಸುಡು ತಿಕ್ಕಿ ನಾಲ್ಕು ಮಡಿಕೆ ಮಾಡಿದಳು. "ಇದಕ್ಕೂ ಒತ್ತು."

"ಬಟ್ಟೆಗೆ ಯಾಕಮ್ಮಾ..."

"ಒತ್ತಪ್ಪಾ. ಮೀಟರಿಗೇನು, ಗೋಡೆಯಾದ್ರೇನು ಬಟ್ಟೆಯಾದ್ರೇನು."

ಎಲ್ಲರ ಕಣ್ಣೂ ಅವನ ಮೇಲಿತ್ತು. ಗೋಡೆಯಲ್ಲಿ ಕೂಗಿದ ಪೆಟ್ಟಿಗೆ ಇಲ್ಲಿ ಕೂಗದಿದ್ದರೆ ಸರಿಯಾಗಿತ್ತು, ಬಚಾವಾಗುತ್ತಿದ್ದ. ಆದರೆ ರೂಢಿಬಿದ್ದ ಕೈ ಕೇಳಬೇಕಲ್ಲ! ಸೂಜಿ ತಾಗುತ್ತಲೇ ಹೆಬ್ಬೆರಳು ತನ್ನಷ್ಟಕ್ಕೆ ಒತ್ತಿಬಿಟ್ಟಿತು. ಕುಂಯ್. ಮುಳ್ಳು ಕೆಂಪಿಗೆ ಹಾರಿತು.

ಬೇಕರಿ ತಾತ ಆ ನ್ಯಾಪ್ಕಿನ್ ಮುಟ್ಟಿ, ಬೆರಳು ಸುಟ್ಟುಕೊಂಡು, "ಅಯ್ಯಯ್ಯೋ, ಇದು ಒದ್ದೆನಾ? ನನ್ನ ಒಲೆಯಿಂದ ಬಂದ ರೊಟ್ಟಿನೂ ಇಷ್ಟು ಒಣಗಿರಲಿಲ್ಲ!" ಎಂದ.

ದೊಡ್ಡಮ್ಮ ಮುಂದೆ ಬಂದು ನೀಲಿ ಅಂಗಿಯವನ ಮಣಿಕಟ್ಟು ಹಿಡಿದಳು. ನಲವತ್ತೊಂದು ವರ್ಷ ಇಸ್ತ್ರಿ ಎಳೆದ ಕೈ ಅದು, ಕೊಸರಿಕೊಂಡರೆ ಬಿಡುವಂಥದ್ದಲ್ಲ. "ಈಗ ಹೆಬ್ಬೆರಳು ತೆಗಿ ಮಗಾ."

ತೆಗೆದ. ಸದ್ದಿಲ್ಲ. ಅವಳೇ ಅವನ ಕೈಹಿಡಿದು ಸೂಜಿಯನ್ನು ಗೋಡೆಗೆ ಒತ್ತಿದಳು, ಪಕ್ಕದ ಗೋಡೆಗೆ ಒತ್ತಿದಳು. ಮುಳ್ಳು ಅಲುಗಲಿಲ್ಲ. ಬಚ್ಚಲುಮನೆಗೆ ಎಳೆದುಕೊಂಡು ಹೋಗಿ ಒತ್ತಿದಳು. ಅಲ್ಲಿ ಮಾತ್ರ ಪೆಟ್ಟಿಗೆ ನಿಯತ್ತಾಗಿ ಕುಂಯ್ಗುಟ್ಟಿತು.

"ನೋಡಿದ್ರಾ? ಮೀಟರು ಪಾಪ, ಒಳ್ಳೇದೇ" ಎಂದಳು ದೊಡ್ಡಮ್ಮ. "ಇವನ ಬೆರಳೇ ಸರಿಯಿಲ್ಲ. ನನ್ನ ಚರ್ಮಕ್ಕೆ ಸ್ಪರ್ಶ ಹೋಗಿದೆ ಅಂದ್ಯಲ್ಲೋ! ನಿಂಗೆ ಹೋಗಿರೋದು ನಾಚಿಕೆ!"

ಯಜಮಾನನ ಮುಖ ಹುಳ್ಳಗಾಯಿತು. ಏನೋ ತಪ್ಪು ತಿಳುವಳಿಕೆ ಎಂದು ತೊದಲಿದ. ತಂಗಿ ಕಾಗದ ಬಿಚ್ಚಿ, ಕೌಂಟರಿನ ಹಳೆಯ ಕಂಚಿನ ಕಂಠದಲ್ಲಿ ಓದಿದಳು: "'ತೇವವಿಲ್ಲವೆಂದು ತೋರಿಸಿದಲ್ಲಿ ಪೂರ್ತಿ ಹಣ ವಾಪಸ್.' ತೋರಿಸಿದ್ದಾಯ್ತು. ಪೊಲೀಸ್ ಸ್ಟೇಷನ್ ಮುಂದಿನ ತಿರುವಿನಲ್ಲಿದೆ. ಇಲ್ಲೇ ಕೊಡ್ತೀರೋ, ಅಲ್ಲಿ ಕೊಡ್ತೀರೋ?"

ಚರ್ಮದ ಚೀಲದ ಬಾಯಿ ತೆರೆಯಿತು. ಇಸ್ತ್ರಿ ಮೇಜಿನ ಮೇಲೆ ದೊಡ್ಡಮ್ಮನದು, ತಾತನದು, ನರ್ಸಮ್ಮನದು ಎಂದು ಮೂರು ಕಟ್ಟು ಇಳಿದವು. ನರ್ಸಮ್ಮ ತನ್ನ ಕಾಗದವನ್ನು ಹರಿದು ಚೂರುಚೂರು ಮಾಡಿದಳು. ತಾತ ಚಪ್ಪಾಳೆ ತಟ್ಟಿದ. ಬಾಗಿಲಲ್ಲಿ ಅರ್ಧ ಬೀದಿಯೇ ನೆರೆದಿತ್ತು, ಶಿಳ್ಳೆಯೂ ಬಿತ್ತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ಇಬ್ಬರೂ ವ್ಯಾನಿನ ಕಡೆ ಕಾಲು ಕೀಳುವುದರಲ್ಲಿದ್ದರು. ಆಗ ಮಗಳು ಎದ್ದಳು. ವ್ಯಾನಿಟಿ ಬ್ಯಾಗಿನಿಂದ ಚೆಕ್ ಪುಸ್ತಕ ತೆಗೆದು ತಾಯಿಯ ಕೈಗೆ ಕೊಟ್ಟಳು. ಆಮೇಲೆ ಬ್ಯಾಗಿನ ತಳದಿಂದ ಇನ್ನೊಂದು ಕಾಗದ ತೆಗೆದಳು. ಅದೇ ಕಂಪನಿಯ, ಅದೇ ಅಚ್ಚಿನ ಕಾಗದ. ಕೆಳಗಿದ್ದದ್ದು ಹೆಡ್‌ಮಿಸ್ಟ್ರೆಸ್ಸಿನ ದುಂಡಗಿನ ಸಹಿ.

"ಹೋದ ವರ್ಷ ನಮ್ಮನೆಗೂ ಬಂದಿದ್ದ ಅಮ್ಮ" ಎಂದಳು, ನೆಲ ನೋಡುತ್ತಾ. "ನಾನು ಪೂರ್ತಿ ದುಡ್ಡು ಕೊಟ್ಟೆ. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ನಿಂಗೂ ಹಾಗೇ ಆಯ್ತು ಅಂದಾಗ... ನಿನ್ನ ಮೇಲೆ ರೇಗಿಬಿಟ್ಟೆ."

ಪೆಟ್ಟಿಗೆ ಹಳದಿಯಾ ಎಂದು ಕೇಳಿದ್ದು ಯಾಕೆಂದು ದೊಡ್ಡಮ್ಮನಿಗೆ ಈಗ ಹೊಳೆಯಿತು. ಅವಳು ಬೈಯಲಿಲ್ಲ, ನಗಲೂ ಇಲ್ಲ. ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಅವಳ ಕೆನ್ನೆಗೆ ತನ್ನ ಕೆನ್ನೆ ಒತ್ತಿದಳು. ಅಲ್ಲಿ ಒದ್ದೆ ಇತ್ತು.

"ಏ ಯಜಮಾನಪ್ಪಾ, ವ್ಯಾನು ನಿಲ್ಲಿಸು!" ಎಂದು ಕೂಗಿದಳು ಆಮೇಲೆ, ಬೀದಿಗೆಲ್ಲ ಕೇಳುವ ಹಾಗೆ. "ಚೀಲ ಮುಚ್ಚಬೇಡ, ಇನ್ನೊಂದು ಮನೆ ಬಾಕಿ ಇದೆ. ಲೇ ತಂಗೀ, ಆ ಮಿಕ್ಕ ನ್ಯಾಪ್ಕಿನ್ ತಗೊಂಡು ಬಾರೇ!"