ಹಿಂದಿನ ಸೀಟಿನ ಕಂಬಳಿ

ಬೋರವ್ವ ಕಾರು ಕೊಂಡದ್ದು ಸಿಟ್ಟಿನಿಂದ. ಇಳಕಲ್ಲಿನ ಜನ ಇದನ್ನು ನಗುತ್ತ ಹೇಳುತ್ತಾರೆ. ಅವಳ ಸೊಸೆ ಸೋಮವ್ವ ಹೇಳುವಾಗ ಮಾತ್ರ ನಗುವುದಿಲ್ಲ. ಸೋಮವಾರ ಗುಡಿಗೆ ಹೋಗಿ ಬರುವಾಗ ನಾನು ಅವರ ಕಟ್ಟೆಯ ಮೇಲೆ ಕೂರುತ್ತಿದ್ದೆ. ಸೋಮವ್ವ ಜೋಳ ಹಸನು ಮಾಡುತ್ತ ಹೇಳುತ್ತಿದ್ದಳು, ಮುದುಕಿ ಒಳಗಿನಿಂದಲೇ ತಪ್ಪು ತಿದ್ದುತ್ತಿದ್ದಳು. ಎಷ್ಟೋ ಸೋಮವಾರಗಳಲ್ಲಿ ಕೇಳಿದ್ದು ಇದು.

ಗಂಡ ತೀರಿಕೊಂಡ ಮೇಲೆ ಬೋರವ್ವ ಕುರಿಹಿಂಡಿನ ಹಿಂದೆ ಹುನಗುಂದದಿಂದ ಬಾದಾಮಿಯವರೆಗೆ ನಡೆದವಳು. ಗೊಬ್ಬರಕ್ಕೆಂದು ರೈತರ ಹೊಲಗಳಲ್ಲಿ ಕುರಿ ತರುಬಿ, ಅಲ್ಲೇ ಕಂಬಳಿ ಹಾಸಿ ಮಲಗಿದವಳು. ಒಬ್ಬನೇ ಮಗ ಮಾಳಪ್ಪನನ್ನು ಮಾತ್ರ ಕುರಿಯ ಹಿಂದೆ ಕಳಿಸಲಿಲ್ಲ. ಅವನು ಗಾಡಿ ನಡೆಸುವುದನ್ನು ಕಲಿತು ಒಬ್ಬ ಕಲ್ಲಿನ ಕ್ವಾರಿ ಸಾವ್ಕಾರನ ಬಳಿ ಡ್ರೈವರ್ ಆದ. ಸಾವ್ಕಾರನದು ಹಳೆಯ ಕಾಲದ ಕರಿ ಪ್ಲಿಮತ್ ಕಾರು. ಒಂದರ ಹಿಂದೊಂದು ಎರಡು ಬಂಡಿ ನಿಲ್ಲಿಸಿದಷ್ಟು ಉದ್ದ. ಅದು ಪೇಟೆಯಲ್ಲಿ ತಿರುಗಬೇಕಾದರೆ ತರಕಾರಿಯವರು ಬುಟ್ಟಿ ಎತ್ತಿ ಹಿಡಿಯಬೇಕು.

ಎಪ್ಪತ್ತೆರಡರಲ್ಲಿ ಮಾಳಪ್ಪನ ಮದುವೆ ನಿಶ್ಚಯವಾಯಿತು. ಬಸ್‌ಸ್ಟ್ಯಾಂಡಿನಿಂದ ಬೀರಪ್ಪನ ಗುಡಿಯವರೆಗೆ, ಅಷ್ಟೇ ದೂರ, ಕಾರಿನಲ್ಲಿ ಹೋಗಲೇ ಎಂದು ಅವನು ಸಾವ್ಕಾರನನ್ನು ಕೇಳಿದ. ಹತ್ತು ಜನ ಕೂತಿದ್ದರು. ಸಾವ್ಕಾರ ಎಲೆಯಡಿಕೆ ಉಗುಳಿ ಹೇಳಿದ:

"ಕುರುಬರ ಮದುವಿಗೆ ಕಾರ ಯಾಕಲೇ ಮಾಳ್ಯಾ? ಮನ್ಯಾಗ ಟಗರು ಐತಲ್ಲ, ಅದರ ಮ್ಯಾಲ ಕುಂಡ್ರು."

ಹತ್ತೂ ಜನ ನಕ್ಕರು. ಮಾಳಪ್ಪನೂ ನಕ್ಕ. ಮನೆಗೆ ಬಂದು ಅದನ್ನು ತಮಾಷೆಯಂತೆ ಅವ್ವನಿಗೆ ಹೇಳಿದ. ಸಾವ್ಕಾರ ಅಂದದ್ದಕ್ಕಿಂತ ಮಗ ನಕ್ಕದ್ದು ಬೋರವ್ವನಿಗೆ ಹೆಚ್ಚು ಚುಚ್ಚಿತು. ಆ ಮದುವೆಯಲ್ಲಿ ಅವಳು ಊಟ ಮಾಡಲಿಲ್ಲ ಎಂದು ಸೋಮವ್ವ ಹೇಳುತ್ತಾಳೆ. ಹೊಸದಾಗಿ ಮನೆಗೆ ಬಂದ ಸೊಸೆ, ತನ್ನ ಮೇಲೇ ಸಿಟ್ಟೇನೋ ಎಂದು ಹೆದರಿದ್ದಳಂತೆ.

ಎರಡು ವರ್ಷಕ್ಕೆ ಪೆಟ್ರೋಲು ಒಂದೇ ಸಮನೆ ತುಟ್ಟಿಯಾಯಿತು. ಸಾವ್ಕಾರನಿಗೆ ಆ ಉದ್ದನೆಯ ಗಾಡಿ ಭಾರವಾಯಿತು. ಸುದ್ದಿ ಕೇಳಿದ ವಾರದಲ್ಲೇ ಬೋರವ್ವ ಎರಡು ಕುರಿ ಉಳಿಸಿಕೊಂಡು ಮಿಕ್ಕ ಹಿಂಡನ್ನೆಲ್ಲ ಮಾರಿದಳು. ಸೀದಾ ಸಾವ್ಕಾರನ ಅಂಗಳಕ್ಕೆ ಹೋಗಿ ನಿಂತಳು.

"ಟಗರು ಮಾರಿ ಬಂದೇನ್ರಿ, ಸಾವ್ಕಾರ್ರ. ಈಗ ಕಾರು ಕೊಡ್ರಿ."

ಅವನಿಗೆ ಆ ಮಾತು ನೆನಪೂ ಇರಲಿಲ್ಲ. ಹಾಗೆ ಅಂದವರಿಗೆ ನೆನಪಿರುವುದಿಲ್ಲ.

ಮೆಕ್ಯಾನಿಕ್ ಫಕ್ರುಸಾಬ ಎಂಟು ದಿನ ಅದರ ಕೆಳಗೆ ಮಲಗಿ ರಿಪೇರಿ ಮಾಡಿದ. "ಅಕ್ಕಾರ, ಈ ಗಾಡಿ ಪೆಟ್ರೋಲ್ ಕುಡಿಯೂದಿಲ್ರಿ, ಜಳಕಾ ಮಾಡ್ತದ," ಅಂದ. "ಊರಾಗ ಟ್ಯಾಕ್ಸಿ ಮಾಡಿದ್ರ ಮುಳುಗ್ತೀರಿ. ಮದುವಿಗೆ ಬಿಡ್ರಿ. ಮದುವ್ಯಾಗ ಮಂದಿ ಉದ್ದ ನೋಡ್ತಾರ, ಎಣ್ಣಿ ನೋಡಂಗಿಲ್ಲ."

ಹಾಗೇ ಆಯಿತು. ಕಾರು ಮೊದಲು ಬೀರಪ್ಪನ ಗುಡಿಗೆ ಹೋಯಿತು. ಪೂಜಾರಿ ಬಾನೆಟ್ಟಿಗೆ ದೇವರ ಅರಿಶಿನ, ಭಂಡಾರ ಹಚ್ಚಿದ. ಬೋರವ್ವ ತಾನೇ ನೂಲು ತೆಗೆದು ನೇಯಿಸಿದ ಕರಿಕಂಬಳಿಯನ್ನು ದೇವರ ಮುಂದಿಟ್ಟು ತಂದು ಹಿಂದಿನ ಸೀಟಿಗೆ ಹಾಸಿದಳು. ಬೀರಪ್ಪನ ಒಕ್ಕಲಿನವರಿಗೆ, ಅವನನ್ನು ಮನೆದೇವರೆಂದು ನಡೆದುಕೊಳ್ಳುವವರಿಗೆ, ಕಂಬಳಿ ಎಂದರೆ ದೇವರ ಗದ್ದಿಗೆ. ಅದಕ್ಕೆ ಮೈಲಿಗೆ ಎಂಬುದು ಇಲ್ಲ. ಗಾಡಿ ಬೇಕಾದವರು ಎಲೆಯಡಿಕೆ ತಂದು ಆ ಕಂಬಳಿಯ ಮೇಲಿಡಬೇಕು. ಎಲೆ ಒಣಗಿದರೂ ಅಡಿಕೆಯನ್ನು ಮದುವೆ ಮುಗಿಯುವವರೆಗೆ ಬೋರವ್ವ ಸೆರಗಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಯಾವ ಅಡಿಕೆ ಯಾರ ಮನೆಯದು ಎಂಬುದು ಒಂದು ಸಲವೂ ತಪ್ಪಲಿಲ್ಲ. ಇಳಕಲ್ಲಿನ ನೇಕಾರರ ಮನೆಯ ವರ ಮೊದಲು ಕೂತ. ಆಮೇಲೆ ಹುನಗುಂದ, ಬಾಗಲಕೋಟೆ, ಬಾದಾಮಿಯ ಕಡೆಯ ದೊಡ್ಡ ದೊಡ್ಡ ಮನೆಗಳು. ಮದುವೆ ಇಲ್ಲದ ತಿಂಗಳಲ್ಲಿ ಮಾಳಪ್ಪ ಬಾದಾಮಿಗೆ ಹೋಗಿ ಗುಡಿ ನೋಡಲು ಬಂದವರನ್ನು ಪಟ್ಟದಕಲ್ಲಿಗೆ ಕರೆದೊಯ್ಯುತ್ತಿದ್ದ. ಜನ ಅದನ್ನು ಪ್ಲಿಮತ್ ಎನ್ನುವುದನ್ನು ಬಿಟ್ಟು ಬೋರವ್ವನ ಗಾಡಿ ಎಂದರು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಹನಮಪ್ಪ ಬಂದ. ಕ್ವಾರಿಯಲ್ಲಿ ಕಲ್ಲು ಒಡೆಯುವವನು, ಹುನಗುಂದದ ಹತ್ತಿರದ ಒಂದು ಹಳ್ಳಿಯ ಹರಿಜನ ಕೇರಿಯವನು. ಮಗ ದುರಗಪ್ಪನ ಮದುವೆ. ಎಲೆಯಡಿಕೆಯನ್ನು ಕಟ್ಟೆಯ ತುದಿಗಿಟ್ಟು ದೂರ ಸರಿದು ನಿಂತ.

"ಅಲ್ಲ್ಯಾಕ ಇಟ್ಟಿ? ಕಂಬಳಿ ಮ್ಯಾಲ ಇಡು," ಅಂದಳು ಬೋರವ್ವ.

"ಯವ್ವಾ, ಮೊದಲ ಹೇಳಿಬಿಡ್ತೇನಿ. ನಮ್ಮ ಕೇರಿ ವರಗೋಳು ಇಲ್ಲೀತನಕ ಹಳ್ಳದ ದಾರಿ ಹಿಡದ ಹೋಗ್ಯಾರ. ಈ ಗಾಡಿ ಹಳ್ಳದಾಗ ಇಳಿಯಂಗಿಲ್ಲ. ಹೆಣ್ಣಿನೂರು ಆಚಿ ಕಡೆ, ಊರ ಬಾಗಲದ ಅಗಸಿ ಒಳಗಿಂದನ ಹೋಗಬೇಕಾಗತೈತಿ."

"ಗಾಡಿಗೆ ದಾರಿ ಬೇಕಲ್ಲ. ಹೋಗೂನು."

ಅದೇ ಊರಿನ ಶಂಕ್ರಪ್ಪಗೌಡ ತನ್ನ ಮಗಳ ಮದುವೆಗೆ ಮರುವಾರಕ್ಕೆ ಗಾಡಿ ಹೇಳಿದ್ದ. ಅವನ ಅಡಿಕೆಯೂ ಅವಳ ಸೆರಗಿನಲ್ಲಿತ್ತು. ಸುದ್ದಿ ತಿಳಿದು ಅವನು ಮಾಳಪ್ಪನನ್ನು ಹುನಗುಂದದ ಕೋರ್ಟಿನ ಮುಂದೆ ನಿಲ್ಲಿಸಿಕೊಂಡ.

"ಅವರು ಕುಂತ ಸೀಟಿನ್ಯಾಗ ನನ್ನ ಮಗಳು ಕುಂಡ್ರಬೇಕೇನಲೇ? ಅವರನ್ನ ಹತ್ತಿಸಿದಿ ಅಂದ್ರ ನಾನಷ್ಟ ಅಲ್ಲ, ಸುತ್ತ ಹತ್ತೂರಾಗ ಯಾರೂ ನಿನ್ನ ಗಾಡಿ ಹತ್ತಂಗಿಲ್ಲ. ತಿಳಕೋ."

ಮಾಳಪ್ಪ ಇದನ್ನು ಅವ್ವನಿಗೆ ಹೇಳಲಿಲ್ಲ. ಮೊದಲು ಫಕ್ರುಸಾಬನ ಬಳಿ ಹೋಗಿ, ಗಾಡಿ ಕೆಟ್ಟಿದೆ ಎಂದು ಹೇಳು ಎಂದು ಕೇಳಿಕೊಂಡ. ಫಕ್ರುಸಾಬ ಸ್ಪ್ಯಾನರ್ ಕೆಳಗಿಟ್ಟು, "ಕೆಟ್ಟದ್ದು ಗಾಡಿ ಅಲ್ಲೋ ಮಾಳಪ್ಪ," ಅಂದು ಮತ್ತೆ ಕೆಲಸಕ್ಕೆ ತೊಡಗಿದ. ಆಗ ಮಾಳಪ್ಪ ಬೇರೊಂದು ಉಪಾಯ ಹುಡುಕಿಕೊಂಡ.

ಮದುವೆಯ ಬೆಳಗ್ಗೆ ಬೋರವ್ವ ಬಾನೆಟ್ಟಿಗೆ ಭಂಡಾರ ಹಚ್ಚಿ, ಕಂಬಳಿಗೂ ಹಚ್ಚೋಣವೆಂದು ಹಿಂದಿನ ಬಾಗಿಲು ತೆಗೆದಳು. ಸೀಟಿನ ಮೇಲೆ ಕಂಬಳಿ ಇರಲಿಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಕೊಯ್ದು, ಹೊಲಿದು, ಸೀಟಿನ ತುಂಬ ಹಾಸಲಾಗಿತ್ತು. ಕಂಬಳಿ ಡಿಕ್ಕಿಯಲ್ಲಿ ಸ್ಟೆಪ್ನಿ ಗಾಲಿಯ ಕೆಳಗೆ ಮಡಚಿ ಬಿದ್ದಿತ್ತು.

"ಏನಲೇ ಇದು?"

"ಅವ್ವಾ, ಒದರಬ್ಯಾಡ. ಹೋಗಂಗಿಲ್ಲ ಅಂದೇನೇನು? ಹೊಂಟೇನಿ. ನಿನ್ನ ಮಾತು ಉಳೀತು. ನಾಳೆ ಗೌಡ್ರಿಗೂ ಹೇಳಾಕ ಬರ್ತೈತಿ, ನಮ್ಮ ಸೀಟ ಅವರು ಮುಟ್ಟಿಲ್ಲ ಅಂತ. ಯಾರಿಗೂ ನೋವಿಲ್ಲ."

ಯಾರಿಗೂ ನೋವಿಲ್ಲ. ಈ ಮಾತನ್ನು ಹೇಳುವಾಗ ಸೋಮವ್ವ ಮೊರ ಕೆಳಗಿಡುತ್ತಾಳೆ. ಬಾಸಿಂಗ ಕಟ್ಟಿಕೊಂಡ ಹುಡುಗ ಸಂಭ್ರಮದಿಂದ ಬಾಗಿಲು ತೆಗೆದು ಆ ಚೀಲವನ್ನು ನೋಡುತ್ತಿದ್ದನಲ್ಲ, ಅವನನ್ನು ಮಾಳಪ್ಪ ಲೆಕ್ಕಕ್ಕೇ ಹಿಡಿದಿರಲಿಲ್ಲ. ನನಗೆ ಕೇಳಿದಾಗಲೇ ಮೈ ಉರಿಯಿತು. ಹೆತ್ತವಳಿಗೆ ಹೇಗಾಗಿರಬೇಕು?

ಬೋರವ್ವ ಚೀಲವನ್ನು ಎರಡೂ ಕೈಯಿಂದ ಕಿತ್ತು ಬೀದಿಗೆ ಎಸೆದಳು.

"ಟಗರಿನ ಮ್ಯಾಲ ಕುಂಡ್ರು ಅಂತ ಅವ ಅಂದಾಗ ನೀ ನಕ್ಕಿ. ಇವತ್ತ ಆ ಮಾತು ನೀನ ಇನ್ನೊಬ್ಬರಿಗೆ ಅನ್ನಾಕ ಹೊಂಟಿ. ಬಾಯಿಲೆ ಅನ್ನಾಕ ಧೈರ್ಯ ಇಲ್ಲ, ಅದಕ್ಕ ಚೀಲಾ ಹಾಸೀದಿ. ಸಾವ್ಕಾರ ನಿನಗಿಂತ ಚಲೋ ಇದ್ದ. ಅವ ಎದುರಿಗೆ ಮುಖಾ ನೋಡಿ ಅಂದ."

ಕಂಬಳಿಯನ್ನು ಝಾಡಿಸಿ, ಹಾಸಿ, ಮುಂದಿನ ಸೀಟಿನಲ್ಲಿ ತಾನೇ ಕೂತಳು. 

ಕೇರಿಯಲ್ಲಿ ದುರಗಪ್ಪ ಹೊಸ ಧೋತರ, ಕೋಟು ತೊಟ್ಟು ನಿಂತಿದ್ದ. ಹತ್ತುವ ಮುಂಚೆ ಚಪ್ಪಲಿ ಬಿಟ್ಟ.

"ಚಪ್ಪಲಿ ಯಾಕ ಬಿಟ್ಟಿ?" ಬೋರವ್ವ ಕೇಳಿದಳು.

"ಬೀರಪ್ಪನ ಕಂಬಳಿ ಅಂತ ಅಪ್ಪ ಹೇಳ್ಯಾನ್ರಿ, ಯವ್ವಾ."

"ದೇವರಿಗೆ ಬಿಟ್ಟಿದ್ರ ಸರಿ. ಮತ್ಯಾರಿಗೂ ಬಿಡಬ್ಯಾಡ."

ಅಗಸಿಯ ಬಾಯಿಗೆ ಎತ್ತು ಬಿಚ್ಚಿದ ಬಂಡಿಯೊಂದನ್ನು ಅಡ್ಡ ನಿಲ್ಲಿಸಿದ್ದರು. ಕಟ್ಟೆಯ ಮೇಲೆ ಶಂಕ್ರಪ್ಪಗೌಡ, ಸುತ್ತ ಆರೇಳು ಜನ. ಮಾಳಪ್ಪ ಗಾಡಿ ನಿಲ್ಲಿಸಿದ. ಬೋರವ್ವ ಇಳಿದಳು.

"ಬಂಡಿ ತಗಸ್ರಿ, ಗೌಡ್ರ. ಮುಹೂರ್ತ ಐತಿ."

"ಹಳ್ಳದ ದಾರಿ ಐತಿ. ಇಳಿಸಿ ನಡಸು. ನಿನಗ್ಯಾಕ ಬೇಕಿತ್ತಬೇ ಮುದುಕಿ, ಕುರಿ ಕಾಯೂದು ಬಿಟ್ಟು?"

"ಕುರಿ ಕಾದೀನ್ರಿ. ನಿಮ್ಮ ಹೊಲದಾಗ ಹನ್ನೆರಡು ವರ್ಷ ತರುಬೀನಿ. ಬೀರಪ್ಪನ ಪೂಜಿ ಆದಾಗ ನಿಮ್ಮ ಪಡಸಾಲ್ಯಾಗ ಯಾರ ಕಂಬಳಿ ಹಾಸಿದ್ರಿ?"

ಗೌಡ ಬಂಡಿಯ ಕಡೆ ನೋಡಿದ.

"ನಂದು. ನೀವು ಅದಕ್ಕ ಹಣಿ ಹಚ್ಚಿ ನಮಸ್ಕಾರ ಮಾಡಿದ್ದ ನಾ ಕಣ್ಣಾರೆ ನೋಡೇನಿ. ಇದೂ ಅದ ನೂಲು, ಅದ ಕೈ. ಅದರ ಮ್ಯಾಲ ಈ ಹುಡುಗ ಕುಂತಾನ. ಈಗ ಮೈಲಿಗಿ ಆದದ್ದು ಯಾರಿಗೆ? ನಿಮಗೋ, ಬೀರಪ್ಪಗೋ? ಬೀರಪ್ಪಗ ಅಂತಿದ್ರ ಬಾಯಿಬಿಟ್ಟ ಹೇಳ್ರಿ. ಊರು ಕೇಳಲಿ."

ಗೌಡನ ಹಿಂದೆ ನಿಂತವರಲ್ಲಿ ಮೂವರು ಬೀರಪ್ಪನ ಒಕ್ಕಲಿನವರೇ. ಅವರು ನೆಲ ನೋಡಿದರು. ಗೌಡ ದನಿ ಏರಿಸಿದ:

"ಹಂಗಾರ ನನ್ನ ಮಗಳ ಮದುವಿಗೆ ನಿನ್ನ ಗಾಡಿ ಬ್ಯಾಡ!"

ಬೋರವ್ವ ಸೆರಗು ಬಿಚ್ಚಿ, ಅವನ ಅಡಿಕೆಯನ್ನು ಹುಡುಕಿ ತೆಗೆದು, ಬಂಡಿಯ ಮುಂದಿನ ಮೂಕಿಮರದ ಮೇಲಿಟ್ಟಳು. "ತಗೋರಿ ನಿಮ್ಮ ಅಡಿಕಿ."

ಹನಮಪ್ಪ ಮುಂದೆ ಬಂದ. "ಯವ್ವಾ, ನೀ ಗಾಡ್ಯಾಗ ಕುಂಡ್ರು," ಅಂದ. ದಿನಾ ಕ್ವಾರಿಯಲ್ಲಿ ಬಂಡೆ ಹೊರಳಿಸುವ ಎಂಟು ಜನ ಬಂಡಿಗೆ ಕೈ ಹಚ್ಚಿ, ಮೇಲೆತ್ತಿ, ಗೋಡೆಯ ಪಕ್ಕಕ್ಕಿಟ್ಟರು. ಅವಸರ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಗಾಡಿ ಹೊರಟಿತು. ಹಿಂದಿನಿಂದ ಬಿದ್ದ ಕಲ್ಲಿಗೆ ಒಂದು ದೀಪ ಒಡೆಯಿತು. ಆ ಸದ್ದಿಗೆ ಮಾಳಪ್ಪ ಹಾರ್ನಿನ ಮೇಲೆ ಕೈ ಇಟ್ಟ. ಊರು ದಾಟುವವರೆಗೆ ಕೈ ತೆಗೆಯಲಿಲ್ಲ.

ಗೌಡ ಹೇಳಿದಂತೆಯೇ ಮಾಡಿದ. ದೊಡ್ಡ ಮನೆಗಳವರು ಒಬ್ಬೊಬ್ಬರಾಗಿ ಬಂದು ಅಡಿಕೆ ವಾಪಸು ಇಸಿದುಕೊಂಡರು. ಮರುವರ್ಷದ ಮದುವೆಯ ಕಾಲದಲ್ಲೂ ಗಾಡಿ ಹೆಚ್ಚಾಗಿ ಬಾದಾಮಿಯಲ್ಲೇ ನಿಂತಿತು. ಆದರೆ ಕಲ್ಲು ಒಡೆಯುವವರು ಬಂದರು, ನೇಕಾರರು ಬರುವುದನ್ನು ಬಿಡಲಿಲ್ಲ. ಫಕ್ರುಸಾಬ ತನ್ನ ತಮ್ಮ ಗೌಸಸಾಬನ ನಿಕಾಹಕ್ಕೂ ಅದೇ ಗಾಡಿ ಕರೆದ. ಹೊಟ್ಟೆಗೆ ಕಡಿಮೆಯಾಯಿತು, ಗಾಡಿ ಮಾತ್ರ ಮಾರಲಿಲ್ಲ. ಮಗನನ್ನು ಬೋರವ್ವ ಕ್ಷಮಿಸಿದಳೇ ಎಂದು ನಾನೊಮ್ಮೆ ಕೇಳಿದೆ. ಒಳಗಿನಿಂದ ಅವಳೇ ಹೇಳಿದಳು: "ಹಾರ್ನ್ ಹೊಡದದ್ದು ಖರೆ. ಚೀಲಾ ಹಾಸಿದ್ದೂ ಖರೆ."

ಎಂಬತ್ತಮೂರರಲ್ಲಿ ಆ ಗೌಡನ ತಮ್ಮನ ಮಗ ಬಂದ. ಅವನ ಮದುವೆ ಬಾಗಲಕೋಟೆಯಲ್ಲಿ, ಹುಡುಗಿಯ ಕಡೆಯವರು ಉದ್ದನೆಯ ಕಾರೇ ಬೇಕೆಂದಿದ್ದರು. ಸುತ್ತ ಎಲ್ಲೂ ಅಂಥದು ಇನ್ನೊಂದಿರಲಿಲ್ಲ. ಆ ದಿನ ನಾನೂ ಕಟ್ಟೆಯ ಮೇಲಿದ್ದೆ.

"ಅಜ್ಜಿ, ಹಳೇದೆಲ್ಲಾ ಬಿಟ್ಟಬಿಡ್ರಿ," ಅಂದ. ಕಾರಿನೊಳಗೆ ಇಣುಕಿದ. "ಇದು ಆಗಿನ ಕಂಬಳಿನ ಏನ್ರಿ? ತೊಳದಿರಬೇಕಲ್ಲ?"

"ಅದ. ತೊಳದಿಲ್ಲ."

"ಹೊಸಾದು ಹಾಸಿದ್ರ..."

"ಮಾಳ್ಯಾ," ಬೋರವ್ವ ಕರೆದಳು, "ಹಿಂದಿನ ಬಾಗಲಾ ತಗಿ. ಇವ ಅಡಿಕಿ ಅಲ್ಲಿಡ್ಲಿ. ಇಲ್ಲಾ ಬಸ್‌ಸ್ಟ್ಯಾಂಡಿನ ದಾರಿ ತೋರಿಸು."

ಮಾಳಪ್ಪ ಬಾಗಿಲು ತೆಗೆದು ಹಿಡಿದ. ಹುಡುಗ ಬಸ್‌ಸ್ಟ್ಯಾಂಡಿನ ಕಡೆ ಒಮ್ಮೆ ನೋಡಿದ. ಕೊನೆಗೆ ಬಾಗಿ, ಎಲೆಯಡಿಕೆಯನ್ನು ಬೆರಳ ತುದಿಯಲ್ಲಿ ಹಿಡಿದು, ಕಂಬಳಿಯ ಅಂಚಿಗೆ ಜಾರಿಸಿದ.

"ಬೆರಳಿಲೆ ಅಲ್ಲ," ಅಂದಳು ಬೋರವ್ವ. "ಕೈ ಊರಿ ಇಡು."

ಅವನು ಅಂಗೈ ಊರಿದ.