ತೊಟ್ಟಿಲಂಗಡಿಯಲ್ಲಿ ಕ್ಯಾಂಟನೀಸ್ ಸಿನೆಮಾ

ಮಗಳ ಮೊದಲ ಕೂಸು ಉಳಿಯಲಿಲ್ಲ. ಈಗ ಎರಡನೆಯದಕ್ಕೆ ದಿನ ಸಮೀಪಿಸಿದೆ. ಹೇಳಿ ಮಾಡಿಸಿದ ತೊಟ್ಟಿಲು ಒಯ್ಯಲು ಕಲಘಟಗಿಗೆ ಬಂದರೆ, ಬಣ್ಣ ಬರೆಯುವ ಶಾಂತವ್ವನ ಕುಂಚ ಇನ್ನೂ ಅದರ ಮೇಲೇ ಇತ್ತು. ಕಣ್ಣು ಮಾತ್ರ ಗೋಡೆಗೆ ಒರಗಿಸಿದ ಮೊಬೈಲಿನಲ್ಲಿ. ಹಾಂಗ್‌ಕಾಂಗಿನ ಸಿನೆಮಾ, ಮಾತೆಲ್ಲ ಕ್ಯಾಂಟನೀಸ್.

"ತಿಳಿತೈತೇನ್ರಿ?" ಎಂದೆ.

"ಮಾತು ತಿಳಿಯಂಗಿಲ್ರಿ. ಆ ಹುಡುಗ ಮುಂದಿನ ಕಾಲದಾಗಿಂದ ಬಂದಾನ್ರಿ. ಈ ಹುಡುಗಿ ಮ್ಯಾಲ ಜೀವಾ ಇಟ್ಟಾನ. ಆದ್ರ ತಿರುಗಿ ಹೋಗಬೇಕ್ರಿ."

ಹಾರುವ ಬೈಕುಗಳ ಹೊಡೆದಾಟಕ್ಕೂ ಶಾಂತವ್ವ ತೊಟ್ಟಿಲ ಮೇಲೆ ಬರೆಯುತ್ತಿದ್ದ ಬಳ್ಳಿಯ ಗೆರೆ ಅಲುಗಲಿಲ್ಲ. ಕಡೆಗೆ ಹುಡುಗ ಮಾಯವಾದ. ಅವನು ಮಲಗಿ ಬಂದಿದ್ದ ಗಾಜಿನ ಪೆಟ್ಟಿಗೆ ಸರಪಳಿಯಲ್ಲಿ ಜೋತಾಡುತ್ತಿತ್ತು. ಹುಡುಗಿ ಅಳುತ್ತ ಅದನ್ನೇ ತೂಗತೊಡಗಿದಳು.

ಕುಂಚ ನಿಂತಿತು. "ಖಾಲಿ ತೊಟ್ಲಾ ತೂಗಬ್ಯಾಡ ಬೇ, ಕೂಸಿಗೆ ಚಲೋ ಅಲ್ಲ!" ಎಂದು ಶಾಂತವ್ವ ಮೊಬೈಲಿಗೇ ಗದರಿದಳು.

ಬಣ್ಣ ಒಣಗಿದ ಮೇಲೆ ಒಳಗಿನಿಂದ ಒಂದು ಗುಂಡುಕಲ್ಲು ತಂದು, ಬಟ್ಟೆ ಸುತ್ತಿ, ನನ್ನ ತೊಟ್ಟಿಲಲ್ಲಿ ಮಲಗಿಸಿದಳು. "ಬಸ್ಸಿನಾಗ ಅಲಗತೈತ್ರಿ. ಕೂಸು ಬರೂತನಕಾ ಇದು ಇರ್ಲಿ."

ಈಗ ಹುಬ್ಬಳ್ಳಿ ಬಸ್ಸಿನಲ್ಲಿದ್ದೇನೆ. ತಗ್ಗು ಬಂದಾಗಲೆಲ್ಲ ಕಾಲ ಬಳಿಯ ತೊಟ್ಟಿಲು ಅಲುಗುತ್ತದೆ. ಇಂಥದ್ದನ್ನೆಲ್ಲ ನಂಬದ ನಾನು, ಕಲ್ಲಿನ ಮೇಲೆ ಜಾರಿದ ಬಟ್ಟೆ ಸರಿಮಾಡಿ ಹೊದಿಸುತ್ತಿದ್ದೇನೆ.